ರೀಫ್ ಟ್ಯಾಂಕ್ ಕಟ್ಟೋಕೆ ಎಷ್ಟು ಸಾಮಾನು ಬೇಕು? ಅಂಗಡಿಯ ಪಟ್ಟಿಯಲ್ಲಿ ಅರ್ಧ ನಮಗಲ್ಲ

ಕಳೆದ ತಿಂಗಳು ಗೆಳೆಯನೊಬ್ಬ ಒಂದು ಪಟ್ಟಿಯ ಫೋಟೋ ಕಳಿಸಿದ. ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಲ್ಲಿ ಬರೆದುಕೊಟ್ಟದ್ದು. ಸಂಪ್, ಪ್ರೋಟೀನ್ ಸ್ಕಿಮ್ಮರ್, ರಿಟರ್ನ್ ಪಂಪ್, ಎರಡು ವೇವ್‌ಮೇಕರ್, ಹೀಟರ್, ಚಿಲ್ಲರ್, ಯುವಿ ಸ್ಟೆರಿಲೈಸರ್, ಕ್ಯಾಲ್ಸಿಯಂ ರಿಯಾಕ್ಟರ್, ಡೋಸಿಂಗ್ ಪಂಪ್, ಇದನ್ನೆಲ್ಲ ಮೊಬೈಲ್‌ನಲ್ಲಿ ತೋರಿಸುವ ಕಂಟ್ರೋಲರ್... ಒಟ್ಟು 17 ಸಾಮಾನು. ಕೆಳಗೆ ಅವನದೇ ಪ್ರಶ್ನೆ: "ಇಷ್ಟೆಲ್ಲಾ ಇಲ್ದೆ ಹವಳ ಬದುಕಲ್ವಾ ಮಾರಾಯ?"

ಬದುಕುತ್ತೆ. ಆದರೆ 'ಯಾವ ಹವಳ' ಮತ್ತು 'ಎಲ್ಲಿ' ಅನ್ನೋ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಆ ಪಟ್ಟಿ ಇವೆರಡನ್ನೂ ಕೇಳಿಲ್ಲ. ಚಳಿಗಾಲದಲ್ಲಿ ಮನೆಯೊಳಗೂ ನೀರು ತಣ್ಣಗಾಗುವ, ಕರೆಂಟ್ ಹೋಗದ, ಗಟ್ಟಿ ಹವಳವನ್ನು ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ದೇಶಗಳಿಗೆಂದು ಬರೆದ ಪಟ್ಟಿ ಅದು. ನಮಗೆ ಮೂರೂ ಅನ್ವಯಿಸಲ್ಲ.

ಸ್ವಲ್ಪ ಇತಿಹಾಸ ನೋಡೋಣ. ಜಕಾರ್ತದ ಲೀ ಚಿನ್ ಇಂಗ್ ಎಂಬಾತ 1961ರಲ್ಲಿ ಅಮೆರಿಕದ 'ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್' ಪತ್ರಿಕೆಗೆ ಲೇಖನ ಬರೆದು, ತನ್ನ ಗಾಜಿನ ತೊಟ್ಟಿಗಳಲ್ಲಿ ಹವಳಗಳು ಹೇಗೆ ಬದುಕಿವೆ ಎಂದು ವಿವರಿಸಿದ. ಅವನ ಬಳಿ ಇದ್ದದ್ದು ಸಮುದ್ರದ ನೀರು, ಸಮುದ್ರದಿಂದ ತಂದ ಜೀವಂತ ಕಲ್ಲು, ಬಿಸಿಲು, ಮತ್ತು ಸಣ್ಣ ಪಂಪಿನಿಂದ ಬರುವ ಗಾಳಿಗುಳ್ಳೆ. ಅಷ್ಟೇ. ಫಿಲ್ಟರ್ ಕೂಡ ಇಲ್ಲ. ಆಮೇಲೆ ಜರ್ಮನಿಯ ಹವ್ಯಾಸಿಗಳು ಇದಕ್ಕೆ ಜೋರು ಬೆಳಕು ಮತ್ತು ಸ್ಕಿಮ್ಮರ್ ಸೇರಿಸಿದರು. ಅದಕ್ಕೆ 'ಬರ್ಲಿನ್ ಪದ್ಧತಿ' ಎಂದೇ ಹೆಸರಾಯಿತು. ಬರ್ಲಿನ್‌ನಲ್ಲಿ ಜಕಾರ್ತದ ಬಿಸಿಲೂ ಇಲ್ಲ, ಮನೆ ಹತ್ತಿರ ಕಡಲೂ ಇಲ್ಲ ನೋಡಿ. ಅಂದ್ರೆ ಪಟ್ಟಿಯ ಪ್ರತಿ ಯಂತ್ರವೂ ಕಡಲು ಪುಕ್ಕಟೆ ಮಾಡುವ ಒಂದು ಕೆಲಸದ ಬದಲಿ. ಆ ಕೆಲಸ ನಮ್ಮ ತೊಟ್ಟಿಯಲ್ಲಿ ಇನ್ಯಾವುದರಿಂದಾದರೂ ಆಗುತ್ತಿದ್ದರೆ ಯಂತ್ರ ಬೇಡ.

ಲೆಕ್ಕಕ್ಕೆ ಒಂದು ತೊಟ್ಟಿ ಇಟ್ಟುಕೊಳ್ಳೋಣ: 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಒಟ್ಟು 96 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 80 ಲೀಟರ್ ನೀರು. ಇದಕ್ಕಿಂತ ಚಿಕ್ಕದು ಅಗ್ಗ ಅನ್ನಿಸಿದರೂ ಹೊಸಬರಿಗೆ ಕಷ್ಟ, ಏಕೆಂದರೆ ನೀರು ಕಡಿಮೆಯಿದ್ದಷ್ಟೂ ತಾಪ ಮತ್ತು ಉಪ್ಪಿನ ಏರಿಳಿತ ಬೇಗ.

ಈ ತೊಟ್ಟಿಗೆ ಮೊದಲು ಬೇಕಾದ್ದು ಕಲ್ಲು. ಮೀನಿನ ಕಕ್ಕಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಅದು ವಿಷ. ಕಲ್ಲಿನ ರಂಧ್ರಗಳಲ್ಲಿ ಕೂರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಸಲಿ ಫಿಲ್ಟರ್ ಇದೇ, ಇದಕ್ಕೆ ಪ್ಲಗ್ ಇಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿ ನೋಡುತ್ತಾ ಕೂರಬೇಕು. ಯಾವ ಅಂಗಡಿಯೂ ಇದನ್ನು ಪಟ್ಟಿಯಲ್ಲಿ ಬರೆಯಲ್ಲ, ತಾಳ್ಮೆಗೆ ಎಂಆರ್‌ಪಿ ಇಲ್ಲವಲ್ಲ!

ನೀರು ಓಡಾಡಬೇಕು, ಅದಕ್ಕೊಂದು 10 ವ್ಯಾಟ್‌ನ ಪಂಪ್ ಸಾಕು. ಬೆಳಕು ಬೇಕು, ಏಕೆಂದರೆ ಹವಳದ ದೇಹದೊಳಗೆ ಸೂಕ್ಷ್ಮ ಪಾಚಿಗಳಿವೆ. ಅವು ಬೆಳಕಿನಿಂದ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಊಟ. ಮೆದು ಹವಳಕ್ಕೆ 40 ವ್ಯಾಟ್ ಆಸುಪಾಸಿನ ಸಾಧಾರಣ ರೀಫ್ ಎಲ್‌ಇಡಿ ದಿನಕ್ಕೆ 8 ಗಂಟೆ ಉರಿದರೆ ಧಾರಾಳ. ಒಳ್ಳೆ ಫೋನಿನಷ್ಟು ಬೆಲೆಯ ದೀಪ ಬೇಕಾಗುವುದು ಬೇರೆ ಜಾತಿಯ ಹವಳಕ್ಕೆ, ಅದರ ವಿಷಯಕ್ಕೆ ಬರ್ತೀನಿ.

ಈಗ ತಾಪ. ರೀಫ್ ಟ್ಯಾಂಕ್ 24ರಿಂದ 27 ಡಿಗ್ರಿಯ ನಡುವೆ ಇರಬೇಕು. ನಮ್ಮಲ್ಲಿ ವರ್ಷದ ಬಹುಪಾಲು ಸಮಸ್ಯೆ ನೀರು ತಣ್ಣಗಾಗುವುದಲ್ಲ, ಬಿಸಿಯಾಗುವುದು. ಹೀಟರ್ ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಮಾತ್ರ, ಮಂಗಳೂರಿಗೆ ಅದೂ ಬೇಡ. ಹಾಗಾದರೆ ಚಿಲ್ಲರ್ ಕಡ್ಡಾಯವಾ? ಇಲ್ಲಿ ಎಂಜಿನಿಯರಿಂಗ್ ಕಾಲೇಜಲ್ಲಿ ಕಲಿತ ಒಂದೇ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು, ಅದು ತೊಟ್ಟಿಯಿಂದಲೇ ಹೋಗುತ್ತೆ. ದಿನಕ್ಕೆ ಒಂದು ಲೀಟರ್ ಆವಿಯಾದರೆ 24 ಗಂಟೆಯೂ 28 ವ್ಯಾಟ್ ಶಾಖವನ್ನು ಹೊರಹಾಕಿದಂತೆ. ನಮ್ಮ ಪಂಪ್ ಮತ್ತು ದೀಪ ಸೇರಿ ದಿನದ ಸರಾಸರಿಯಲ್ಲಿ ನೀರಿಗೆ ಸೇರಿಸುವುದು ಹೆಚ್ಚೆಂದರೆ 23 ವ್ಯಾಟ್. ಅಂದ್ರೆ ನೀರಿನ ಮೇಲ್ಮೈಗೆ ಗಾಳಿ ಬೀಸುವ ಒಂದು ಪುಟ್ಟ ಫ್ಯಾನ್, ಯಂತ್ರಗಳ ಬಿಸಿಯನ್ನು ಕಳೆದು ಇನ್ನೊಂಚೂರು ತಂಪನ್ನೂ ಕೊಡುತ್ತೆ. ಮಣ್ಣಿನ ಹೂಜಿಯ ತತ್ವವೇ ಇದು.

ಆದರೆ ಹೂಜಿ ಕರಾವಳಿಯಲ್ಲಿ ಅಷ್ಟು ತಂಪು ಮಾಡಲ್ಲ. ಗಾಳಿಯಲ್ಲಿ ತೇವ ತುಂಬಿದ್ದರೆ ನೀರು ಆವಿಯಾಗಲ್ಲ. ಬೆಂಗಳೂರು, ಧಾರವಾಡದ ಒಣ ಏಪ್ರಿಲ್‌ನಲ್ಲಿ ಫ್ಯಾನ್ ಕೆಲಸ ಮಾಡುತ್ತೆ. ಉಡುಪಿ, ಮಂಗಳೂರಲ್ಲಿ ಚಿಲ್ಲರ್‌ಗೆ ನಿಜಕ್ಕೂ ಕಾರಣವಿದೆ. ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ನಾನು ಯಾರಿಗೂ ಫ್ಯಾನ್ ನಂಬಿ ಅಂತ ಹೇಳಲಾರೆ. ಕರೆಂಟ್ ಬಿಲ್ಲಿನ ವ್ಯತ್ಯಾಸವನ್ನೂ ಗಮನಿಸಿ: ದೀಪ, ಪಂಪ್, ಫ್ಯಾನ್ ಮೂರೂ ಸೇರಿ ತಿಂಗಳಿಗೆ 23 ಯೂನಿಟ್ ಆಸುಪಾಸು. 200 ವ್ಯಾಟ್‌ನ ಚಿಲ್ಲರ್ ದಿನಕ್ಕೆ 12 ಗಂಟೆ ಓಡಿದರೆ ಅದೊಂದೇ 72 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೀನಿನ ಪಾಲು. ಚಿಲ್ಲರ್ ಇಟ್ಟುಕೊಂಡು 'ಬಿಟ್ಟಿ ಭಾಗ್ಯ' ಎಂದು ಬೈಯುವವರು ಈ ಲೆಕ್ಕವನ್ನೂ ಒಮ್ಮೆ ಹಾಕಬಹುದು.

ಈ ತಾಪದ ಮಾತು ಗಾಜಿನ ಪೆಟ್ಟಿಗೆಗೆ ಸೀಮಿತವಲ್ಲ. ಬೇಸಿಗೆಯ ಗರಿಷ್ಠ ತಾಪಕ್ಕಿಂತ ಬರೀ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಕಡಲಿನಲ್ಲೂ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೇ ಸಾಮೂಹಿಕ ಬ್ಲೀಚಿಂಗ್ ನಡೆಯುತ್ತಿದೆ ಎಂದು ಅಮೆರಿಕದ ನೋವಾ ಸಂಸ್ಥೆ ಘೋಷಿಸಿತು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬೆಳ್ಳಗಾಯಿತು.

ಕರೆಂಟ್ ಹೋದರೆ? 17 ಸಾಮಾನಿನಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಆಮ್ಲಜನಕ ಹಿಡಿದಿಡುತ್ತೆ, ಬಿಸಿಯಾದರೆ ಇನ್ನೂ ಕಡಿಮೆ. ಪಂಪ್ ನಿಂತ ಕೆಲವು ಗಂಟೆಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಪರಿಹಾರ ಅಗ್ಗದ್ದು: ಒಂದು ವ್ಯಾಟ್‌ನ ಯುಎಸ್‌ಬಿ ಏರ್ ಪಂಪ್ ಮತ್ತು ಮನೆಯಲ್ಲಿ ಈಗಾಗಲೇ ಇರುವ 10,000 ಎಂಎಎಚ್ ಪವರ್‌ಬ್ಯಾಂಕ್. ಒಂದು ದಿನ ಆರಾಮಾಗಿ ನಡೆಯುತ್ತೆ. ಇದರ ಜತೆಗೆ ತೊಟ್ಟಿಯ ಪ್ಲಗ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಉಪ್ಪುನೀರು, ಒದ್ದೆ ಕೈ, 230 ವೋಲ್ಟ್ ಒಂದೇ ಕಡೆ ಇರುವಾಗ ಇದರಲ್ಲಿ ಉಳಿತಾಯ ಬೇಡ.

ಇನ್ನು ನೀರು. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತೆ. ದಿನಕ್ಕೊಂದು ಲೀಟರ್‌ನಂತೆ ಒಂದು ವಾರ ಮರೆತರೆ 35 ಇದ್ದದ್ದು 38 ದಾಟುತ್ತೆ. ಇದನ್ನು ತಪ್ಪಿಸಲು ಸೆನ್ಸರ್ ಇರುವ ಆಟೋ ಟಾಪ್-ಆಫ್ ಮಾರುತ್ತಾರೆ. ಮನೆಯಲ್ಲೇ ಇರುವವರಿಗೆ ಗಾಜಿನ ಮೇಲೆ ಮಾರ್ಕರ್‌ನಿಂದ ಎಳೆದ ಗೆರೆ ಮತ್ತು ಬೆಳಿಗ್ಗೆ ಒಂದು ಚೊಂಬು ಸಿಹಿನೀರು ಸಾಕು. ಆದರೆ ರಿಫ್ರಾಕ್ಟೋಮೀಟರ್ ಬೇಕೇ ಬೇಕು, ಉಪ್ಪಿನ ಅಳತೆಯನ್ನು ಕಣ್ಣಂದಾಜಲ್ಲಿ ಹಿಡಿಯೋಕಾಗಲ್ಲ. ಅದನ್ನು 35 ಪಿಪಿಟಿ ದ್ರಾವಣದಿಂದಲೇ ಹೊಂದಿಸಿ.

ಬೋರ್‌ವೆಲ್ ನೀರು ನೇರವಾಗಿ ಆಗಲ್ಲ. ಆರ್‌ಒ ನೀರು ಬೇಕು, ಅದರ ಮುಂದೆ ಡಿಐ ರೆಸಿನ್ ಇದ್ದರೆ ಇನ್ನೂ ಚೆನ್ನ. ಮನೆಯ ಕುಡಿಯುವ ಆರ್‌ಒ ಯಂತ್ರಗಳಲ್ಲಿ ಕೆಲವು ರುಚಿಗೆ ಖನಿಜವನ್ನು ವಾಪಸ್ ಬೆರೆಸುತ್ತವೆ, ಹಾಗಾಗಿ ಒಂದು ಟಿಡಿಎಸ್ ಮೀಟರ್ ಇಟ್ಟು ನೋಡಿ. ವಾರಕ್ಕೆ ಶೇ. 10 ನೀರು ಬದಲಾವಣೆಗೆ 8 ಲೀಟರ್, ಆವಿಯಾದದ್ದಕ್ಕೆ 7 ಲೀಟರ್, ಒಟ್ಟು 15. ಅಷ್ಟು ತಯಾರಾಗುವಾಗ ಆರ್‌ಒ 30ರಿಂದ 45 ಲೀಟರ್ ಹೊರಚೆಲ್ಲುತ್ತೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತ್ತು. ಟ್ಯಾಂಕರ್‌ಗೆ ಕಾಯುವ ಬೀದಿಯಲ್ಲಿದ್ದುಕೊಂಡು ಆ 45 ಲೀಟರ್ ಚರಂಡಿಗೆ ಬಿಡುವುದನ್ನು ನಾನಂತೂ ಹವ್ಯಾಸ ಅನ್ನಲ್ಲ. ಒಂದು ಡ್ರಮ್ ಹಿಡಿದಿಡಿ, ನೆಲ ಒರೆಸಲು, ಕಕ್ಕಸಿಗೆ ಬಳಸಿ. ಆ ಡ್ರಮ್ ಕೂಡ ಸಾಮಾನಿನ ಪಟ್ಟಿಗೆ ಸೇರಬೇಕು. ಕರಾವಳಿಯವರು ಕಡಲಿನಿಂದಲೇ ನೀರು ತರಬಹುದು, ಆದರೆ ಮಳೆಗಾಲದಲ್ಲಿ ನದಿನೀರು ಸೇರಿ ಉಪ್ಪು ಇಳಿದಿರುತ್ತೆ. ಅಳೆದೇ ತನ್ನಿ.

ಸ್ಕಿಮ್ಮರ್ ವಿಷಯ. ಮಳೆಗಾಲದ ಮಲ್ಪೆ ತೀರದಲ್ಲಿ ಕಂದು ನೊರೆ ನೋಡಿದ್ದೀರಲ್ಲ, ನೀರಲ್ಲಿ ಕರಗಿದ ಸಾವಯವ ಕೊಳೆ ಗುಳ್ಳೆಗೆ ಅಂಟಿ ಮೇಲೆ ಬರುವುದು ಹಾಗೆ. ಸ್ಕಿಮ್ಮರ್ ಅದನ್ನೇ ಒಂದು ಕೊಳವೆಯೊಳಗೆ ಮಾಡಿ ನೊರೆಯನ್ನು ಕಪ್ಪಿಗೆ ತುಂಬುತ್ತೆ. ಒಳ್ಳೆಯ ಯಂತ್ರವೇ. ಆದರೆ 80 ಲೀಟರ್‌ನಲ್ಲಿ ಎರಡು ಸಣ್ಣ ಮೀನು ಸಾಕುವವರಿಗೆ ವಾರದ ಆ 8 ಲೀಟರ್ ಬದಲಾವಣೆಯೇ ಅದೇ ಕೆಲಸ ಮಾಡುತ್ತೆ. ಸ್ಕಿಮ್ಮರ್ ಇಲ್ಲ ಅಂದ್ರೆ ಅದನ್ನಿಡಲು ಸಂಪ್ ಬೇಡ, ಸಂಪ್ ಇಲ್ಲ ಅಂದ್ರೆ ರಿಟರ್ನ್ ಪಂಪ್ ಬೇಡ. ಒಂದನ್ನು ತೆಗೆದರೆ ಮೂರು ಉದುರುತ್ತವೆ. ಯುವಿ, ಕಂಟ್ರೋಲರ್ ಹೊಸಬರಿಗೆ ಬೇಡವೇ ಬೇಡ.

ಉಳಿದದ್ದು ಪಟ್ಟಿಯ ಅತಿ ದುಬಾರಿ ಭಾಗ: ಕ್ಯಾಲ್ಸಿಯಂ ರಿಯಾಕ್ಟರ್, ಡೋಸಿಂಗ್ ಪಂಪ್, ಜೋರು ದೀಪ. ಇವೆಲ್ಲ ಯಾಕೆ? ಗಟ್ಟಿ ಹವಳ ಅಸ್ಥಿಪಂಜರ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ದಿನವೂ ಹೀರುತ್ತೆ, ಅದನ್ನು ತುಂಬುತ್ತಿರಬೇಕು. ಸರಿ. ಆದರೆ ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಎಲ್ಲಾ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಶಿಕ್ಷೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. 'ಸಾರ್, ಇದು ಇಂಡೋನೇಷ್ಯಾ ಮಾಲು' ಅಂದರೆ? ಗಟ್ಟಿ ಹವಳ ಸೈಟಿಸ್ ಒಪ್ಪಂದದ ಅನುಬಂಧ 2ರಲ್ಲೂ ಇದೆ, ಕಾಗದಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ಇಂಡೋನೇಷ್ಯಾದ ಹಲವು ಜಾತಿಗಳು ಲಕ್ಷದ್ವೀಪ, ಅಂಡಮಾನ್‌ನಲ್ಲೂ ಬೆಳೆಯುವುದರಿಂದ ನೋಡಿ ಹೇಳುವುದು ಕಷ್ಟ, ಅಂಗಡಿಯವರಿಗೆ ಅದೇ ಅನುಕೂಲ.

ಕಾನೂನು ಸುಮ್ಮನೆ ಬಂದದ್ದಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣ, ಸಿಮೆಂಟಿಗಾಗಿ ದಶಕಗಳ ಕಾಲ ಹವಳ ಅಗೆದರು. ಅಲ್ಲಿನ 21 ದ್ವೀಪಗಳಲ್ಲಿ ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ಈಗ ನೀರಿನಡಿ ಇವೆ. ನಮ್ಮಲ್ಲೂ ಮುರ್ಡೇಶ್ವರದಾಚೆ ನೇತ್ರಾಣಿ ಸುತ್ತ ಹವಳವಿದೆ. 'ಲೈವ್ ರಾಕ್' ಹೆಸರಲ್ಲಿ ಮಾರುವ ಕಲ್ಲು ಕೂಡ ಬಹುತೇಕ ಸತ್ತ ಹವಳವೇ. ಲೀ ಚಿನ್ ಇಂಗ್ ಕಾಲದಲ್ಲಿ ನಡೆದದ್ದು ಇಲ್ಲಿ ನಡೆಯಲ್ಲ. ಸೆರಾಮಿಕ್ ಅಥವಾ ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು ತನ್ನಿ, ಬ್ಯಾಕ್ಟೀರಿಯಾಗೆ ವಿಳಾಸ ಮುಖ್ಯವಲ್ಲ.

ಹಾಗಾದರೆ ಏನು ಸಾಕಬಹುದು? ಜೋಆಂಥಿಡ್, ಮಶ್ರೂಮ್, ಲೆದರ್‌ನಂಥ ಮೆದು ಜೀವಿಗಳ ಹೆಸರು ಆ ಅನುಸೂಚಿಯಲ್ಲಿಲ್ಲ. ಇವು ಸುಣ್ಣದ ಅಸ್ಥಿಪಂಜರ ಕಟ್ಟಲ್ಲ, ವಾರದ ನೀರು ಬದಲಾವಣೆಯಲ್ಲಿ ಬರುವ ಕ್ಯಾಲ್ಸಿಯಮ್ಮೇ ಹೆಚ್ಚು. ರಿಯಾಕ್ಟರ್, ಡೋಸಿಂಗ್ ಪಂಪ್, ಜೋರು ದೀಪ ಒಟ್ಟಿಗೇ ಹೊರಗೆ. ಒಂದು ಎಚ್ಚರಿಕೆ: ಕೆಲವು ಜೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಕೈಗವಸು, ಕನ್ನಡಕ ಹಾಕದೆ ಕತ್ತರಿಸಬೇಡಿ, ಅವಿರುವ ಕಲ್ಲನ್ನು ಕುದಿಸಲೇಬೇಡಿ.

ಹೀಗೆ ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಮೀನಿಗೆ ಹಾಕಿ. ಫಿಲಿಪೀನ್ಸ್, ಇಂಡೋನೇಷ್ಯಾದಲ್ಲಿ ಸಯನೈಡ್ ಚಿಮುಕಿಸಿ ಮೀನಿಗೆ ಮತ್ತು ಬರಿಸಿ ಹಿಡಿಯುವ ಪದ್ಧತಿ 1960ರ ದಶಕದಿಂದ ಇದೆ. ಸುತ್ತಲಿನ ಹವಳವೂ ಸಾಯುತ್ತೆ. ಆದರೆ ಕ್ಲೌನ್‌ಫಿಶ್ ತೊಟ್ಟಿಯಲ್ಲೇ ಮೊಟ್ಟೆಯಿಟ್ಟು ಮರಿಯಾಗುತ್ತೆ. ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜಾತಿಗಳ ಮರಿ ಮಾಡುವ ವಿಧಾನ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಮೀನು ತಳಿ ಸಂಪನ್ಮೂಲ ಬ್ಯೂರೊ ತರಬೇತಿ ಕೊಟ್ಟ ಸ್ಥಳೀಯ ಮಹಿಳೆಯರು ಅಲಂಕಾರಿಕ ಸಿಗಡಿ ಸಾಕುತ್ತಿದ್ದಾರೆ. ಅಂಗಡಿಯಲ್ಲಿ 'ಇದು ಹ್ಯಾಚರಿಯದ್ದಾ, ಕಡಲಿನದ್ದಾ, ಬಿಲ್ಲಲ್ಲಿ ಬರೆದುಕೊಡ್ತೀರಾ?' ಎಂದು ಕೇಳಿ. ಗೆಳೆಯ ಹೋಗಿ ಕೇಳಿದ. ಮೊದಲ ಎರಡು ಅಂಗಡಿಯವರು ನಕ್ಕರು. ಮೂರನೆಯವರು ಹ್ಯಾಚರಿಯ ಬಿಲ್ ತೆಗೆದು ತೋರಿಸಿದರು.