ಗ್ರೂಪ್‌ಗೆ ಹೊಸಬರು ಬಂದರೆ ಅಡ್ಮಿನ್ ಏನು ಮಾಡಬೇಕು? ಅಂಗಡಿಯವರಿಗೆ ಇಲ್ಲಿದೆ ಮಾಹಿತಿ

ಸಂತೆ ರೇಟು, ಕರೆಂಟ್ ಹೋಗೋ ಟೈಮು, ನೀರು ಬಿಡೋ ದಿನ, ಯಾರ ಅಂಗಡಿ ಮುಂದೆ ಯಾರ ಬೈಕ್ ನಿಂತಿದೆ ಅನ್ನೋದರ ತನಕ ಈಗ ಎಲ್ಲದಕ್ಕೂ ವಾಟ್ಸಾಪ್ ಗ್ರೂಪೇ ಬೇಕು. ಆದರೆ ಅದೇ ಗ್ರೂಪ್‌ನಲ್ಲಿ ಸಾಲದ ಲಿಂಕ್, ಲಾಟರಿ, 'ಮನೆಯಲ್ಲೇ ಕೂತು ದುಡಿಯಿರಿ' ಮೆಸೇಜ್ ತುಂಬಿಕೊಂಡರೆ ಜನ ಮ್ಯೂಟ್ ಮಾಡಿ ಸುಮ್ಮನಾಗ್ತಾರೆ. ಆಮೇಲೆ ಬೇಕಾದ ಸುದ್ದಿಯೂ ಯಾರಿಗೂ ಮುಟ್ಟಲ್ಲ.

ನಾನೂ ನಮ್ಮ ರಸ್ತೆಯ ಅಂಗಡಿಯವರ ಗ್ರೂಪ್‌ನ ಮೂವರು ಅಡ್ಮಿನ್‌ಗಳಲ್ಲಿ ಒಬ್ಬ. ಒಂದು ರಾತ್ರಿ ಹನ್ನೊಂದರ ಮೇಲೆ ಲಿಂಕ್ ಮೂಲಕ ಹೊಸ ನಂಬರ್ ಒಂದು ಒಳಗೆ ಬಂತು. ಐದೇ ನಿಮಿಷದಲ್ಲಿ ಸಾಲದ ಲಿಂಕ್, ಅದರ ಹಿಂದೆಯೇ 'ಟ್ರಾಫಿಕ್ ಫೈನ್' ಅಂತ ಎಪಿಕೆ ಫೈಲ್. ಬೆಳಗ್ಗೆ ನೋಡಿ ಸಿಟ್ಟು ಬಂತು. ಅದೇ ವಾರ ಸೇರಿದ್ದ ಟೈಲರ್ ಒಬ್ಬರು ತಮ್ಮ ಅಂಗಡಿ ಫೋಟೋವನ್ನು ನಾಲ್ಕು ಸಲ ಹಾಕಿದ್ರು. ಆ ನಂಬರ್ ಜೊತೆಗೆ ಅವರನ್ನೂ ತೆಗೆದುಬಿಟ್ಟೆ.

ಮರುದಿನ ಎದುರಿಗೆ ಸಿಕ್ಕಾಗ ಅವರು ಮುಖ ತಿರುಗಿಸಿಕೊಂಡು ಹೋದರು. ಅಂಗಡಿಗೇ ಹೋಗಿ ಕೇಳಿದೆ. "ಜಾಹೀರಾತು ಹಾಕಬಾರದು ಅಂತ ನನಗೆ ಯಾರು ಹೇಳಿದ್ರಪ್ಪ? ಮೊದಲನೇ ಫೋಟೋ ಹೋಗಿಲ್ಲ ಅಂದ್ಕೊಂಡು ಮತ್ತೆ ಮತ್ತೆ ಒತ್ತಿದೆ" ಅಂದ್ರು. ಅವರ ಮಾತು ನಿಜ. ನಿಯಮ ನಮ್ಮ ಮೂವರ ತಲೆಯಲ್ಲಿತ್ತು, ಗ್ರೂಪ್‌ನಲ್ಲಿ ಎಲ್ಲೂ ಬರೆದಿರಲಿಲ್ಲ.

ತಪ್ಪು ಮಾಡೋ ಹೊಸಬರಲ್ಲಿ ಎರಡು ಥರ. ಗೊತ್ತಿಲ್ಲದೆ ಮಾಡುವವರು, ಅದಕ್ಕೇ ಅಂತ ಬಂದವರು. ಎರಡಕ್ಕೂ ಒಂದೇ ಔಷಧಿ ಕೊಟ್ಟರೆ ಊರಿನವರನ್ನೇ ಕಳೆದುಕೊಳ್ತೀವಿ.

ಮೊದಲು ಬಾಗಿಲು ಭದ್ರ ಮಾಡಿ

ಗ್ರೂಪ್ ಹೆಸರಿನ ಮೇಲೆ ಒತ್ತಿದರೆ ಪರ್ಮಿಷನ್ಸ್ ಅನ್ನೋ ಭಾಗ ಸಿಗುತ್ತೆ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೇ ಸೇರಿಸಿಕೊಳ್ಳೋ ಆಯ್ಕೆ ಅಲ್ಲಿದೆ, ಅದನ್ನು ಆನ್ ಮಾಡಿ. ಸದಸ್ಯರೆಲ್ಲ ಬೇರೆಯವರನ್ನು ಸೇರಿಸೋದನ್ನು ಅಲ್ಲೇ ಆಫ್ ಮಾಡಬಹುದು. ಯಾರಾದ್ರೂ ಸೇರೋಕೆ ಕೇಳಿದರೆ 'ಯಾವ ಅಂಗಡಿ, ಯಾವ ರಸ್ತೆ?' ಅಂತ ಒಂದು ಮಾತು ಕೇಳಿ. ನಮ್ಮವರು ತಕ್ಷಣ ಹೇಳ್ತಾರೆ. ಸ್ಪ್ಯಾಮ್ ಹಾಕೋಕೆ ಬಂದವನು ಸಾಮಾನ್ಯವಾಗಿ ಉತ್ತರ ಕೊಡೋ ಗೋಜಿಗೇ ಹೋಗಲ್ಲ.

ಗ್ರೂಪ್ ಲಿಂಕನ್ನು ಫೇಸ್‌ಬುಕ್‌ನಲ್ಲಿ, ಬ್ಯಾನರ್‌ನಲ್ಲಿ ಹಾಕಬೇಡಿ. 2020ರಲ್ಲಿ ಎಷ್ಟೋ ವಾಟ್ಸಾಪ್ ಗ್ರೂಪ್‌ಗಳ ಲಿಂಕ್ ಗೂಗಲ್ ಹುಡುಕಾಟದಲ್ಲೇ ಸಿಗ್ತಿದ್ದದ್ದು ದೊಡ್ಡ ಸುದ್ದಿಯಾಗಿತ್ತು. ಈಗಾಗಲೇ ಲಿಂಕ್ ಹರಡಿದ್ದರೆ 'ರೀಸೆಟ್ ಲಿಂಕ್' ಒತ್ತಿ. ಹಳೇ ಲಿಂಕ್ ಅಲ್ಲಿಗೆ ಸತ್ತಿತು.

ನಿಯಮ ಮೂರು ಸಾಕು

ಇಪ್ಪತ್ತು ನಿಯಮ ಬರೆದರೆ ಯಾರೂ ಓದಲ್ಲ. ನಮ್ಮಲ್ಲಿ ಈಗ ಇರೋದು ಮೂರೇ. ಸಾಲ, ಬಹುಮಾನ, ಎಪಿಕೆ ಬೇಡ. ಅಂಗಡಿ ಜಾಹೀರಾತು ಭಾನುವಾರ ಮಾತ್ರ, ಒಬ್ಬರಿಗೆ ಒಂದೇ. ಜಗಳ ಇದ್ದರೆ ಫೋನ್ ಮಾಡಿ ಮಾತಾಡಿ. ಇದನ್ನು ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಕನ್ನಡದಲ್ಲೇ ಹಾಕಿದ್ದೀವಿ. ಹೊಸಬರು ಬಂದ ದಿನ ಒಬ್ಬ ಅಡ್ಮಿನ್ ಸ್ವಾಗತ ಹೇಳಿ ಅದನ್ನೇ ಮತ್ತೊಮ್ಮೆ ಹಾಕ್ತಾರೆ. ಓದೋಕೆ ಕಷ್ಟ ಇರೋರಿಗೆ ವಾಯ್ಸ್ ಮೆಸೇಜ್ ಕಳಿಸಿ.

ತಪ್ಪಾದರೆ ಹೀಗೆ ಮಾಡಿ

2022ರಿಂದ ಅಡ್ಮಿನ್‌ಗೆ ಯಾರದ್ದೇ ಮೆಸೇಜನ್ನು ಎಲ್ಲರಿಗೂ ಡಿಲೀಟ್ ಮಾಡೋ ಅಧಿಕಾರ ಇದೆ. ಹಾಗಾಗಿ ಮೊದಲು ಮೆಸೇಜ್ ತೆಗೀರಿ, ಆಮೇಲೆ ಆ ವ್ಯಕ್ತಿಗೆ ಪರ್ಸನಲ್ ಆಗಿ ತಿಳಿಸಿ. ಎಲ್ಲರೆದುರು ಬೈದರೆ ಮಾನ ಹೋಯ್ತು ಅಂತ ತಪ್ಪು ಒಪ್ಪಿಕೊಳ್ಳೋರೂ ಜಗಳಕ್ಕೆ ನಿಲ್ತಾರೆ. ಎರಡನೇ ಸಲವೂ ಹಾಗೇ ಮಾಡಿದರೆ ತೆಗೆಯೋ ವಿಚಾರ ಮಾಡಿ.

ಎಪಿಕೆ, ಮೋಸದ ಲಿಂಕ್ ವಿಷಯದಲ್ಲಿ ಎರಡನೇ ಸಲ ಅನ್ನೋದಿಲ್ಲ. ತಕ್ಷಣ ಡಿಲೀಟ್ ಮಾಡಿ, ನಂಬರ್ ತೆಗೆದು ರಿಪೋರ್ಟ್ ಮಾಡಿ, 'ಯಾರೂ ಓಪನ್ ಮಾಡಬೇಡಿ' ಅಂತ ಗ್ರೂಪ್‌ನಲ್ಲಿ ಬರೀರಿ. ಮದುವೆ ಕಾರ್ಡ್, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಅಂತೆಲ್ಲ ಹೆಸರಿಟ್ಟು ಈ ಫೈಲ್‌ಗಳು ಬರ್ತವೆ. ಇನ್‌ಸ್ಟಾಲ್ ಮಾಡಿದರೆ ಫೋನ್‌ಗೆ ಬರೋ ಓಟಿಪಿ ಕಳ್ಳರ ಕೈಗೆ ಹೋಗಬಹುದು. ಕೆಲವೊಮ್ಮೆ ಅದೇ ಫೋನ್‌ನಿಂದ ಉಳಿದ ಗ್ರೂಪ್‌ಗಳಿಗೂ ಫೈಲ್ ಹೋಗುತ್ತೆ. ಹಾಗಾಗಿ ಪರಿಚಯದ ನಂಬರ್‌ನಿಂದ ಬಂದರೆ ಅವರಿಗೆ ಮೊದಲು ಫೋನ್ ಮಾಡಿ. ಪಾಪ, ಅವರ ಮೊಬೈಲೇ ಹ್ಯಾಕ್ ಆಗಿರಬಹುದು.

ಯಾರಾದ್ರೂ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ನೆಟ್ ಆಫ್ ಮಾಡಿಸಿ, ಬೇರೆ ಫೋನ್‌ನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯೋಕೆ ಅಷ್ಟು ಅವಕಾಶ.

ಅಡ್ಮಿನ್ ಮೇಲೆ ಕೇಸ್ ಆಗುತ್ತಾ?

ತುಂಬಾ ಜನ ಈ ಭಯಕ್ಕೇ ಅಡ್ಮಿನ್ ಆಗೋಕೆ ಒಪ್ಪಲ್ಲ. ಸದಸ್ಯ ಹಾಕಿದ ಮೆಸೇಜ್‌ಗೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡೋಕಾಗಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೆ ಅಡ್ಮಿನ್ ತಾನೇ ಅಂಥದ್ದನ್ನು ಹಾಕಿದರೆ, ಹಾಕೋರ ಜೊತೆ ಸೇರಿಕೊಂಡರೆ ಈ ರಕ್ಷಣೆ ಸಿಗಲ್ಲ. ಕೆಟ್ಟ ಮೆಸೇಜ್ ಕಂಡ ಕೂಡಲೇ ತೆಗೆಯೋದೇ ಕ್ಷೇಮ.

ಟೈಲರ್ ಅವರನ್ನು ಮತ್ತೆ ಸೇರಿಸಿಕೊಂಡೆ. 'ನಿಯಮ ಹೇಳದೆ ತೆಗೆದದ್ದು ನನ್ನ ತಪ್ಪು' ಅಂತ ಗ್ರೂಪ್‌ನಲ್ಲೇ ಬರೆದೆ, ಯಾಕಂದ್ರೆ ತೆಗೆದದ್ದೂ ಎಲ್ಲರಿಗೂ ಕಂಡಿತ್ತು. ಈಗ ಭಾನುವಾರ ಬೆಳಗ್ಗೆ ಮೊದಲ ಜಾಹೀರಾತು ಅವರದ್ದೇ. ಒಂದೇ ಫೋಟೋ.