ಮರೆವಿನ ಹಿರಿಯರಿಗೆ ಜಾಗವೇ ಅರ್ಧ ಮದ್ದು

ಅಗಳಿ: ಹೊತ್ತು ಮುಳುಗುತ್ತಿದ್ದಂತೆ ಗೇಟಿನ ಬಳಿ ನಿಂತು ‘ಮನೆಗೆ ಹೋಗ್ಬೇಕು, ದನ ಕಟ್ಬೇಕು’ ಎಂದು ಹಟ ಹಿಡಿಯುವ ಅಜ್ಜ. ಕನ್ನಡಿಯಲ್ಲಿ ಕಂಡ ತನ್ನದೇ ಮುಖಕ್ಕೆ ‘ಯಾರಮ್ಮ ನೀನು, ಆಚೆಗೋಗು’ ಎಂದು ಗದರುವ ಅಜ್ಜಿ. ಇಂಥವರನ್ನು ಕಂಡಾಗ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಇದು ಬರೀ ವಯಸ್ಸಿನ ಗುಣವಲ್ಲ, ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆ. ಇದರಲ್ಲಿ ಕಾಣುವ ಸಿಟ್ಟು, ಕೂಗಾಟ, ಅಲೆದಾಟಕ್ಕೆ ಕಾಯಿಲೆಯಷ್ಟೇ ಅಲ್ಲ, ಅವರು ಇರುವ ಜಾಗವೂ ಕಾರಣ.

ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಮಡಕಶಿರಾ ಭಾಗದ ಅಗಳಿ, ರೊಳ್ಳ, ಅಮರಾಪುರದ ಕನ್ನಡ ಕುಟುಂಬಗಳ ಮಕ್ಕಳು ದುಡಿಮೆಗೆ ಊರು ಬಿಟ್ಟರೆ, ಹಿರಿಯರೂ ಒಂದು ದಿನ ಜಗಲಿ ಬಿಟ್ಟು ಫ್ಲ್ಯಾಟಿಗೋ ಆರೈಕೆ ಕೇಂದ್ರಕ್ಕೋ ಹೋಗಬೇಕಾಗುತ್ತದೆ. ತೊಂದರೆ ಜೋರಾಗುವುದು ಆಗಲೇ.

ನೆಲವೇ ಹಳ್ಳ!

ಕಾಯಿಲೆ ಬಲಿತಂತೆ ಕಣ್ಣು ಕಂಡದ್ದನ್ನು ಮಿದುಳು ಸರಿಯಾಗಿ ಗುರುತಿಸುವುದಿಲ್ಲ. ಕಪ್ಪು ಕಾಲೊರಸು ಹಳ್ಳದಂತೆ, ಹೊಳೆಯುವ ಟೈಲ್ಸ್ ನೀರಿನಂತೆ ಕಾಣಬಹುದು. ‘ಕಾಲೇ ಎತ್ತಲ್ಲ’ ಎಂದು ಎಳೆದರೆ ಅವರಿಗೆ ಭಯ, ಆಮೇಲೆ ಸಿಟ್ಟು. ಮುಚ್ಚಿದ ಬಾಗಿಲುಗಳೆಲ್ಲ ಒಂದೇ ಥರ ಇದ್ದರೆ ಶೌಚಾಲಯ ಯಾವುದೆಂದು ತಿಳಿಯದೆ ಮೂಲೆಯಲ್ಲೇ ಕೂತುಬಿಡುತ್ತಾರೆ. ಸಂಜೆಯ ಮಬ್ಬು, ನೆರಳು, ಟಿ.ವಿ. ಸದ್ದು ಸೇರಿದರೆ ಗಲಿಬಿಲಿ ಇನ್ನೂ ಜಾಸ್ತಿ.

ನುಡಿಯೂ ಆವರಣವೇ

ಗಡಿನಾಡಿನವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮಾಸಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದು ಸಾಮಾನ್ಯ. ಜೀವನಪೂರ್ತಿ ಕಚೇರಿ, ಸಂತೆಗಳಲ್ಲಿ ತೆಲುಗು ಆಡಿದವರಿಗೂ ಕಡೆಗೆ ಮನೆಯ ಕನ್ನಡವಷ್ಟೇ ಅರ್ಥವಾಗಬಹುದು. ತಿಳಿಯದ ಭಾಷೆಯಲ್ಲಿ ಏನೋ ಹೇಳುತ್ತಾ ಅಪರಿಚಿತರು ಬಟ್ಟೆಗೆ ಕೈ ಹಾಕಿದರೆ ಯಾರಾದರೂ ಕೈ ಎತ್ತುತ್ತಾರೆ. ಅಷ್ಟಕ್ಕೇ ‘ಹೊಡೆಯುವ ರೋಗಿ’ ಎಂಬ ಹೆಸರು ಅಂಟಿಕೊಳ್ಳುತ್ತದೆ.

ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ಆರಂಭವಾದ ಹೋಗೆವೇಕ್ ಎಂಬ ಆರೈಕೆ ಕೇಂದ್ರವನ್ನು ಊರಿನಂತೆಯೇ ಕಟ್ಟಲಾಗಿದೆ. ಅಂಗಡಿ, ಬೀದಿ, ತೋಟ ಎಲ್ಲ ಅಲ್ಲಿವೆ. ಆವರಣದೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇಂಥ ಹಿರಿಯರಿಗಾಗಿಯೇ ಕೇಂದ್ರ ತೆರೆಯಿತು.

ಸೇರಿಸುವ ಮುನ್ನ ಕೇಳಿ

ಕೇಂದ್ರ ನೋಡಲು ಹೋದಾಗ ಕಟ್ಟಡದ ಅಂದಕ್ಕೆ ಮರುಳಾಗಬಾರದು. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ? ನಡೆದಾಡಲು ಸುರಕ್ಷಿತ ಅಂಗಳ ಇದೆಯೇ? ಮನೆಯ ಕಂಬಳಿ, ದೇವರ ಪಟ, ಹಳೇ ಫೋಟೊ ಇಡಲು ಬಿಡುತ್ತಾರೆಯೇ? ಕಟ್ಟಿಹಾಕುವ ರೂಢಿ ಉಂಟೇ? ಇವನ್ನು ಕೇಳಲೇಬೇಕು.

ಮನೆಯಲ್ಲೇ ನೋಡಿಕೊಳ್ಳುವವರೂ ಹೊತ್ತು ಇಳಿಯುವ ಮುಂಚೆ ದೀಪ ಹಾಕಬೇಕು, ಹೆದರಿಸುವ ಕನ್ನಡಿಗೆ ಬಟ್ಟೆ ಮುಚ್ಚಬೇಕು, ಶೌಚಾಲಯದ ಬಾಗಿಲಿಗೆ ಎದ್ದು ಕಾಣುವ ಬಣ್ಣ ಬಳಿಯಬೇಕು. ‘ದನ ಕಟ್ಬೇಕು’ ಎಂದವರಿಗೆ ‘ದನ ಎಲ್ಲೈತೆ?’ ಎಂದು ವಾದ ಹೂಡುವ ಬದಲು ಜತೆಗೆ ನಾಲ್ಕು ಹೆಜ್ಜೆ ನಡೆದು, ಹಸುವಿನ ಬಣ್ಣ ಕೇಳಿದರೆ ಹಟ ಇಳಿಯಬಹುದು.

ಗುಳಿಗೆ ಕೊಟ್ಟು ಮಲಗಿಸುವುದು ಸುಲಭ, ಆದರೆ ಅಪಾಯ. ಡಿಮೆನ್ಷಿಯಾ ಇರುವ ಹಿರಿಯರಿಗೆ ಕೆಲವು ಮನೋರೋಗದ ಔಷಧಿಗಳು ಸಾವಿನ ಸಂಭವ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ನಡವಳಿಕೆ ದಿಢೀರ್ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಕಾರಣವಿರಬಹುದು. ಹೇಳಿಕೊಳ್ಳಲು ಅವರಿಗೆ ಮಾತು ಸಿಗುತ್ತಿರುವುದಿಲ್ಲ. ಕೂಡಲೇ ವೈದ್ಯರಿಗೆ ತೋರಿಸಬೇಕು.

ಹಿರಿಯ ನಾಗರಿಕರ ಉಚಿತ ಸಹಾಯವಾಣಿ: 14567.