ಸೈಲೆನ್ಸರ್ ಬದಲಾಯಿಸಿದ್ರಿ, ಜೆಟ್ ಬದಲಾಯಿಸಿದ್ರಾ?

ಬೈಕ್ ಸೈಲೆನ್ಸರ್ ಅಂದ ಕೂಡಲೇ ನಮ್ಮ ಟಿ.ವಿ. ಪರದೆಯ ಮೇಲೆ ಬರೋದು ಒಂದೇ ದೃಶ್ಯ. ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿರ್ತಾರೆ, ಮೇಲೆ ರೋಡ್ ರೋಲರ್ ಹತ್ತಿಸ್ತಾರೆ. ನಾವೂ ತೋರಿಸ್ತೀವಿ, ನೀವೂ ನೋಡ್ತೀರಿ. ಅಲ್ಲಿಗೆ ಸುದ್ದಿ ಮುಗೀತು. ಆದರೆ ಆ ಸೈಲೆನ್ಸರ್ ಹಾಕಿಕೊಂಡು ಓಡಿದ ಬೈಕಿನ ಇಂಜಿನ್ ಒಳಗೆ ಏನಾಗ್ತಿತ್ತು? ಅದನ್ನು ಯಾರೂ ಕೇಳೋದಿಲ್ಲ. ಇವತ್ತು ಅದನ್ನೇ ಕೇಳೋಣ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹುಡುಗರಿಗೆ ಬೈಕ್ ಅಂದರೆ ಬರೀ ಶೋಕಿ ಅಲ್ಲ. ಬೆಳಗ್ಗೆ ಮಂಗಳೂರಿಗೆ ಕೆಲಸಕ್ಕೆ ಹೋಗಬೇಕು, ಕೊನೆಯ ಬಸ್ ತಪ್ಪಿದರೆ ಮನೆ ಸೇರಬೇಕು. ಬಹಳಷ್ಟು ಮನೆಗಳಲ್ಲಿ ಅದರ ಕಂತು ಇನ್ನೂ ಮುಗಿದಿರೋದಿಲ್ಲ. ಅಂಥ ಬೈಕಿಗೆ ಫ್ರೀ-ಫ್ಲೋ ಸೈಲೆನ್ಸರ್ ಬರುತ್ತೆ, ಏರ್ ಕ್ಲೀನರ್ ಡಬ್ಬಿ ಹೋಗಿ ಬಟ್ಟಲಿನಂಥ ಓಪನ್ ಫಿಲ್ಟರ್ ಕೂರುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಇಲ್ಲಿ ಆ ಗಾದೆ ಅಕ್ಷರಶಃ ನಿಜ. ಯಾಕಂದ್ರೆ ಇಂಜಿನ್ನಿನ ಹೊಟ್ಟೆಗೆ ಹೋಗುವ ಪೆಟ್ರೋಲ್ ಮಾತ್ರ ಹಳೇ ಅಳತೆಯದ್ದೇ.

ಲೆಕ್ಕ ಸರಳ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಆಕ್ಸಿಲರೇಟರ್ ತಿರುಗಿಸಿ ಶಕ್ತಿ ಕೇಳುವಾಗ ಗಾಳಿಯ ಪಾಲು 12.5ರಿಂದ 13ಕ್ಕೆ ಇಳಿಯಬೇಕು, ಅಂದರೆ ಪೆಟ್ರೋಲ್ ಸ್ವಲ್ಪ ಧಾರಾಳವಾಗಿರಬೇಕು. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಬಿಸಿಯನ್ನೂ ಹೀರಿಕೊಳ್ಳುತ್ತೆ. ಈಗ ನೀವು ಗಾಳಿ ಒಳಗೆ ಬರುವ ಬಾಗಿಲನ್ನೂ ಹೊಗೆ ಹೊರಗೆ ಹೋಗುವ ಬಾಗಿಲನ್ನೂ ಅಗಲ ಮಾಡಿದ್ರಿ. ಗಾಳಿ ಜಾಸ್ತಿ ಬಂತು, ಪೆಟ್ರೋಲ್ ಅಷ್ಟೇ ಬಂತು. ಇದಕ್ಕೆ ಮೆಕ್ಯಾನಿಕ್‌ಗಳು ‘ಲೀನ್ ಆಯ್ತು’ ಅಂತಾರೆ. ಮೊದಲ ವಾರ ಸದ್ದಿನ ಮತ್ತಿನಲ್ಲಿ ಬೈಕ್ ಹಾರಿದಂತೆ ಅನ್ನಿಸಬಹುದು. ಆಮೇಲೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತೆ, ಏರಿನಲ್ಲಿ ಟಿಕ್ ಟಿಕ್ ಅಂತ ನಾಕಿಂಗ್ ಕೇಳುತ್ತೆ. ಅದನ್ನೂ ಅಲಕ್ಷಿಸಿದರೆ ಪಿಸ್ಟನ್ ತಲೆ ಸುಟ್ಟು ಹೋಗುತ್ತೆ, ಇಲ್ಲವೇ ಬೋರಿನಲ್ಲಿ ಹಿಡಿದುಕೊಂಡು ನಿಲ್ಲುತ್ತೆ.

ನನಗೆ ಬರುವ ವಿಡಿಯೋಗಳಲ್ಲಿ ಹುಡುಗರು ಹೆಮ್ಮೆಯಿಂದ ಕೇಳಿಸೋದು ಆಕ್ಸಿಲರೇಟರ್ ಬಿಟ್ಟಾಗ ಬರುವ ಆ ‘ಪಟ್ ಪಟ್’ ಪಟಾಕಿ ಸದ್ದನ್ನು. ಮಾರಾಯ್ರೆ, ಅದು ಸಂಗೀತ ಅಲ್ಲ, ದೂರು! ಒಂದೋ ಸೈಲೆನ್ಸರ್ ಜಾಯಿಂಟ್‌ನಲ್ಲಿ ಹೊರಗಿನ ಗಾಳಿ ನುಗ್ತಿದೆ, ಇಲ್ಲಾ ಮಿಶ್ರಣ ತೆಳುವಾಗಿ ಉರಿಯದೇ ಉಳಿದದ್ದು ಸೈಲೆನ್ಸರ್ ಒಳಗೆ ಹೋಗಿ ಉರೀತಿದೆ.

ಹಾಗಾದರೆ ಮಾಡೋದೇನು? ಕಾರ್ಬ್ಯುರೇಟರ್ ಇರುವ ಹಳೇ ಬೈಕಾದರೆ ಕೆಲಸ ಕೈಯಲ್ಲೇ ಇದೆ. ಮೊದಲು ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ, ಫೋರ್ ಸ್ಟ್ರೋಕ್ ಆದರೆ ಟ್ಯಾಪೆಟ್ ಸರಿ ಮಾಡಿಸಿ, ಹೊಸ ಪ್ಲಗ್ ಹಾಕಿ. ಇಷ್ಟು ಮಾಡದೆ ಜೆಟ್ ಮುಟ್ಟಿದರೆ ಯಾವ ರೋಗಕ್ಕೆ ಯಾವ ಮದ್ದು ಅಂತ ಗೊತ್ತಾಗೋದೇ ಇಲ್ಲ. ಕಾರ್ಬ್ಯುರೇಟರ್ ಒಳಗೆ ಮೂವರು ಪಾಳಿಯಲ್ಲಿ ಕೆಲಸ ಮಾಡ್ತಾರೆ ಅಂದುಕೊಳ್ಳಿ. ಐಡ್ಲಿಂಗ್‌ನಿಂದ ಕಾಲು ಆಕ್ಸಿಲರೇಟರ್‌ವರೆಗೆ ಪೈಲಟ್ ಜೆಟ್, ಕಾಲರಿಂದ ಮುಕ್ಕಾಲುವರೆಗೆ ನೀಡಲ್, ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನಡೆಯೋದು ಏನು? ಹೊರಗಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಐಡ್ಲಿಂಗ್ ನಿಂತಿತು, ‘ಟ್ಯೂನಿಂಗ್ ಆಯ್ತು’ ಅಂತ ದುಡ್ಡು ತಗೊಳ್ಳೋದು. ಆ ಸ್ಕ್ರೂ ಪೈಲಟ್‌ನವನಿಗೆ ಮಾತ್ರ ಸಂಬಂಧಪಟ್ಟದ್ದು. ಹೈವೇಯಲ್ಲಿ ಪಿಸ್ಟನ್ ಸುಡೋದು ಮೇನ್ ಜೆಟ್ ಪಾಳಿಯಲ್ಲಿ!

ಅದಕ್ಕೇ ಮೇನ್ ಜೆಟ್‌ನಿಂದ ಶುರು ಮಾಡಿ. ಎರಡು ಸೈಜ್ ದೊಡ್ಡದು ಹಾಕಿ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗುಡುಗುಡು ಅಂತ ಮುಗ್ಗರಿಸಿದರೆ ಒಂದೊಂದೇ ಸೈಜ್ ಇಳಿಸಿ. ಹೆಚ್ಚಿನಿಂದ ಕಡಿಮೆಗೆ ಬರಬೇಕೇ ಹೊರತು ಕಡಿಮೆಯಿಂದ ಹೆಚ್ಚಿಗೆ ಹೋಗಬಾರದು. ಪೆಟ್ರೋಲ್ ಹೆಚ್ಚಾದರೆ ಮೈಲೇಜ್ ಹೋಗುತ್ತೆ, ಕಡಿಮೆಯಾದರೆ ಇಂಜಿನ್ನೇ ಹೋಗುತ್ತೆ. ಆಮೇಲೆ ನೀಡಲ್. ಅದರ ಕ್ಲಿಪ್ ಒಂದು ಗೆರೆ ಕೆಳಗೆ ಹಾಕಿದರೆ ನೀಡಲ್ ಮೇಲೇಳುತ್ತೆ, ಪೆಟ್ರೋಲ್ ಹೆಚ್ಚು ಬರುತ್ತೆ. ಕೊನೆಗೆ ಪೈಲಟ್. ಸ್ಕ್ರೂ ಏರ್ ಕ್ಲೀನರ್ ಕಡೆ ಇದ್ದರೆ ಅದು ಗಾಳಿಯದ್ದು, ಬಿಚ್ಚಿದಷ್ಟೂ ಲೀನ್. ಇಂಜಿನ್ ಕಡೆ ಇದ್ದರೆ ಪೆಟ್ರೋಲಿನದ್ದು, ಬಿಚ್ಚಿದಷ್ಟೂ ರಿಚ್. ಇದು ತಲೆಕೆಳಗಾದರೆ ಇಡೀ ದಿನದ ಕೆಲಸ ತಲೆಕೆಳಗು. ನಡುನಡುವೆ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್, ಚಹಾ ಬಣ್ಣ ಬಂದರೆ ಸರಿ.

ಆರ್‌ಎಕ್ಸ್ 100 ಅಭಿಮಾನಿಗಳಿಗೆ ಪ್ರತ್ಯೇಕವಾಗಿ ಹೇಳಲೇಬೇಕು. 1985ರಿಂದ 1996ರವರೆಗೆ ತಯಾರಾದ ಆ 98 ಸಿಸಿ ಬೈಕಿನ ಮೇಲೆ ಇವತ್ತಿಗೂ ಇರುವ ವ್ಯಾಮೋಹ ನನಗೆ ಅರ್ಥವಾಗುತ್ತೆ. ಆದರೆ ಟೂ ಸ್ಟ್ರೋಕ್ ಬೈಕಿನಲ್ಲಿ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಡಬ್ಬಿ ಅಲ್ಲ, ಇಂಜಿನ್ನಿನ ಅಂಗ. ಅದರ ಹೊಟ್ಟೆಯ ಆಕಾರದಿಂದಾಗಿ ಒತ್ತಡದ ಅಲೆಯೊಂದು ಹಿಂದಕ್ಕೆ ಬಂದು, ಹೊರಗೆ ಓಡುತ್ತಿದ್ದ ತಾಜಾ ಮಿಶ್ರಣವನ್ನು ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತೆ. ಅದನ್ನು ಕತ್ತರಿಸಿ ಪೈಪ್ ಹಾಕಿದವನು ಸದ್ದನ್ನು ಕೊಂಡುಕೊಂಡು ಶಕ್ತಿಯನ್ನು ಮಾರಿದ್ದಾನೆ. ಅಲ್ಲಿ ಯಾವ ಜೆಟ್ ಹಾಕಿದರೂ ಆ ನಷ್ಟ ತುಂಬೋದಿಲ್ಲ.

ಇನ್ನು 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್ ಜಾಗದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇದೆ. ‘ಇಸಿಯು ತಾನೇ ಸರಿ ಮಾಡ್ಕೊಳ್ಳುತ್ತೆ ಬಿಡಿ’ ಅಂತಾರೆ. ಅರ್ಧ ಸತ್ಯ. ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಪೆಟ್ರೋಲ್ ತಿದ್ದುತ್ತೆ, ಅದೂ ಒಂದು ಮಿತಿಯೊಳಗೆ. ಪೂರ್ತಿ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಇಸಿಯು ಆ ಸೆನ್ಸರ್ ಮಾತು ಕೇಳೋದು ಬಿಟ್ಟು, ಕಂಪನಿ ಬರೆದಿಟ್ಟ ಪಟ್ಟಿಯ ಪ್ರಕಾರ ಪೆಟ್ರೋಲ್ ಬಿಡುತ್ತೆ. ಆ ಪಟ್ಟಿ ಬರೆದದ್ದು ಹಳೇ ಸೈಲೆನ್ಸರಿಗೆ. ಬದಲಾಯಿಸಬೇಕಾದರೆ ಇಸಿಯು ರೀಮ್ಯಾಪ್ ಮಾಡಿಸಬೇಕು, ಇಲ್ಲಾ ಫ್ಯೂಯೆಲ್ ಕಂಟ್ರೋಲರ್ ಹಾಕಿಸಬೇಕು. ಎರಡನ್ನೂ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಮೀಟರ್ ಇಟ್ಟುಕೊಂಡೇ ಮಾಡಬೇಕು. ಕಿವಿಯಲ್ಲಿ ಕೇಳಿ ಇಸಿಯು ಟ್ಯೂನ್ ಮಾಡ್ತೀನಿ ಅನ್ನುವವನ ಕೈಗೆ ಬೈಕ್ ಕೊಡಬೇಡಿ.

ಇದರ ಮೇಲೆ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದಕ್ಕೆ ಬೇಕಾದ ಗಾಳಿ 14.7 ಅಲ್ಲ, ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಎಂಟೊಂಬತ್ತು ಪರ್ಸೆಂಟ್ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿನ ಕಾಲದ ಜೆಟ್ ಇರುವ ಬೈಕ್ ಏನನ್ನೂ ಬದಲಾಯಿಸದೆಯೇ ಆಗಲೇ ಲೀನ್ ಕಡೆಗೆ ವಾಲಿರುತ್ತೆ. ಅದರ ಮೇಲೆ ಓಪನ್ ಫಿಲ್ಟರ್!

ಕಾನೂನನ್ನೂ ಹೇಳಿಬಿಡ್ತೀನಿ. 175 ಸಿಸಿಗಿಂತ ದೊಡ್ಡ ಬೈಕಿಗೂ ಸದ್ದಿನ ಮಿತಿ 80 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ, ಹೊಗೆಯ ನಿಯಮ ಮುರಿದರೆ ಮೊದಲ ಬಾರಿಗೇ ಮೂರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸದ್ದು ಕಡಿಮೆ ಇದ್ದರೂ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿದ್ದರೆ ಅದೂ ತಪ್ಪೇ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಗುಡುಗಿಸಿಕೊಂಡು ಹೋಗುವವನ ಪರ ನಾನಂತೂ ವಾದ ಮಾಡೋದಿಲ್ಲ.

ನಮ್ಮ ಕರಾವಳಿಗೆ ಓಪನ್ ಫಿಲ್ಟರ್ ಒಗ್ಗುತ್ತಾ? ನನ್ನ ಉತ್ತರ, ಇಲ್ಲ. ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ಒಂದು ಕಡೆ. ಮಳೆ ನಿಂತರೆ ಮುರಕಲ್ಲಿನ ಕೆಂಪು ಧೂಳು, ಹೆದ್ದಾರಿ ಕಾಮಗಾರಿಯ ಧೂಳು. ವರ್ಷಗಟ್ಟಲೆ ಎಳೆದ ಬಿ.ಸಿ. ರೋಡ್-ಅಡ್ಡಹೊಳೆ ಚತುಷ್ಪಥದಲ್ಲಿ ಓಡಾಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ಡಬ್ಬಿಯನ್ನು ಹಾಗೇ ಇಟ್ಟು, ಒಳಗಿನ ಫಿಲ್ಟರ್ ಮಾತ್ರ ಒಳ್ಳೆಯದು ಹಾಕಿ. ಧೂಳು ಹಿಡಿದ ಫಿಲ್ಟರ್ ಇಟ್ಟುಕೊಂಡು ಟ್ಯೂನ್ ಮಾಡಿಸಿ, ಆಮೇಲೆ ಅದನ್ನು ತೊಳೆದರೆ ಬೈಕ್ ಮತ್ತೆ ಲೀನ್ ಆಗುತ್ತೆ ಅನ್ನೋದೂ ನೆನಪಿರಲಿ.

ಚಾರ್ಮಾಡಿಯ ವಿಷಯ ಬೇರೆಯೇ. ಸಾವಿರ ಮೀಟರ್ ಎತ್ತರಕ್ಕೆ ಗಾಳಿ ಸುಮಾರು 10 ಪರ್ಸೆಂಟ್ ತೆಳುವಾಗುತ್ತೆ. ಬೆಳ್ತಂಗಡಿಯಲ್ಲಿ ಸರಿ ಮಾಡಿಸಿದ ಕಾರ್ಬ್ಯುರೇಟರ್ ಬೈಕ್ ಕೊಟ್ಟಿಗೆಹಾರದಲ್ಲಿ ರಿಚ್ ಆಗಿ ಸ್ವಲ್ಪ ಎಳೆಯುತ್ತೆ, ಅಪಾಯವಿಲ್ಲ. ಅಪಾಯ ಇರೋದು ಉಲ್ಟಾ ಪ್ರಯಾಣದಲ್ಲಿ. ಮೂಡಿಗೆರೆ, ಚಿಕ್ಕಮಗಳೂರು ಕಡೆ ಜೆಟ್ ಹೊಂದಿಸಿದ ಸೆಕೆಂಡ್ ಹ್ಯಾಂಡ್ ಬೈಕ್ ತಂದಿದ್ದರೆ, ಘಾಟಿ ಇಳಿದು ಉಜಿರೆ ತಲುಪುವಷ್ಟರಲ್ಲಿ ಅದು ಲೀನ್ ಆಗಿರುತ್ತೆ. ಮಂಗಳೂರು ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸುವ ಮೊದಲು ಪ್ಲಗ್ ಬಿಚ್ಚಿ ಬಣ್ಣ ನೋಡಿ, ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ಏರಿಸಿ.